ಕೊನೆಯ ಸಲ ನೋಡಿದ್ದು ಎಲ್ಲಿ?

ಬಸ್ ಡಿಪೋದ ಹಿಂಬದಿಯಲ್ಲಿ, ಹಳೆ ಟೈರುಗಳ ರಾಶಿ ದಾಟಿ, ಶೌಚಾಲಯಕ್ಕೆ ಬಲಗಡೆ ತಿರುಗುವ ಬದಲು ಎಡಗಡೆ ತಿರುಗಿದರೆ ಸಿಗುವುದು ಕಳೆದ ವಸ್ತುಗಳ ಕೌಂಟರು. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಏನನ್ನಾದರೂ ಕಳೆದುಕೊಂಡವರು. ಉಳಿದರ್ಧ ಜನ ಬಲಕ್ಕೆ ತಿರುಗಬೇಕಿದ್ದವರು. ಇಬ್ಬರ ಮುಖದಲ್ಲೂ ಒಂದೇ ಬಗೆಯ ಕಳವಳ ಇರುತ್ತಿದ್ದುದರಿಂದ ಗುಮಾಸ್ತರು ತಲೆ ಎತ್ತದೆ ಮೊದಲು ಕೇಳುತ್ತಿದ್ದ ಪ್ರಶ್ನೆ, "ಕಳೆದಿದೆಯಾ, ಮುಂದೆ ಹೋಗಬೇಕಾ?"

ಈ ಗುಮಾಸ್ತರನ್ನು ಡಿಪೋದವರು ಗುರುತಪ್ಪ ಎಂದು ಕರೆಯುತ್ತಿದ್ದರು. ಹುಟ್ಟುಹೆಸರು ಬೇರೆ ಇತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ಮೂವತ್ತೊಂದು ವರ್ಷಗಳಲ್ಲಿ ಕಂಡಕ್ಟರುಗಳು ತಂದು ಸುರಿದ ಯಾವ ವಸ್ತುವಿನ ಮುಂದೆಯೂ ಗುರುತಪ್ಪ "ಏನೆಂದು ಗೊತ್ತಾಗಲಿಲ್ಲ" ಎಂದು ಬರೆದವರಲ್ಲ. ಕಂಡಕ್ಟರು ಅಂಗೈ ಬಿಚ್ಚುವ ಮೊದಲೇ ಅವರ ಪೆನ್ನು ಓಡುತ್ತಿತ್ತು: ಮೇಲ್ದವಡೆಯ ಕಟ್ಟುಹಲ್ಲು, ಹೆಂಗಸಿನದು. ಹೊಲಿಗೆ ಯಂತ್ರದ ಪಾದ. ಎಡಗಾಲಿನ ಮರದ ಕಾಲು, ಗಂಡಸಿನದು, ಕಾಲುಚೀಲ ಸಹಿತ. ದಾರಿಯಲ್ಲಿ ಯಾರಾದರೂ "ಇದೇನು ಹೇಳಿ ನೋಡೋಣ?" ಎಂದು ಕೇಳಿದರೆ ಅವರಿಗೆ ಊಟ ಮಾಡಿದಷ್ಟು ತೃಪ್ತಿ.

ಕೌಂಟರಿಗೆ ಅವರದೇ ಮೂರು ಕಾನೂನುಗಳಿದ್ದವು. ವಸ್ತು ಕೇಳಲು ಬಂದವರು ಅದನ್ನು ನೋಡುವ ಮೊದಲೇ ಹೆಸರು, ಗುರುತು ಹೇಳಬೇಕು. ಕೊನೆಯ ಸಲ ನೋಡಿದ್ದು ಎಲ್ಲಿ ಎಂದು ಹೇಳಬೇಕು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ರಿಜಿಸ್ಟರಿನಲ್ಲಿ ಬರೆದು, ಸಾಕ್ಷಿಯ ಎದುರು ಗಟ್ಟಿಯಾಗಿ ಓದಿ, ಆಮೇಲೆ ಸಹಿ. ಒಮ್ಮೆ ಒಬ್ಬ ಮುದುಕಿ ಕಪ್ಪು ಕೊಡೆ ಕೇಳಿಕೊಂಡು ಬಂದಿದ್ದಳು.

"ಕಡ್ಡಿ ಎಷ್ಟಮ್ಮ?"

"ಕೊಡೆ ಕಡ್ಡಿ ಯಾರು ಎಣಿಸ್ತಾರಪ್ಪ? ನಂಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದು ಉತ್ತರ ಅಲ್ಲ ತಾಯಿ."

ಮುದುಕಿ ಮಳೆಯಲ್ಲೇ ಹೋದಳು. ಕೊಡೆ ಇನ್ನೂ ಮೂರನೆಯ ಕಪಾಟಿನಲ್ಲಿದೆ, ಎಂಟು ಕಡ್ಡಿಗಳ ಸಮೇತ.

ಇಂಥ ಗುರುತಪ್ಪನವರಿಗೆ ಅರವತ್ತು ತುಂಬಿ, ತಿಂಗಳ ಕೊನೆಗೆ ನಿವೃತ್ತಿ ಎಂದು ಗೊತ್ತಾಯಿತು. ಹೆಂಡತಿ ಒಂದೇ ಮಾತು ಹೇಳಿದಳು.

"ಬೀಳ್ಕೊಡುಗೆಗೆ ಭಾವನವರನ್ನ ಕರೀರಿ."

"ಅವನು ಬರಲ್ಲ."

"ಕರೆದು ನೋಡಿದ್ದೀರಾ?"

ಗುರುತಪ್ಪ ಪೇಪರು ಮಗುಚಿದರು. ಅವರ ಅಣ್ಣ ಇದ್ದದ್ದು ಅದೇ ಊರಿನಲ್ಲಿ, ನಾಲ್ಕು ಸ್ಟಾಪು ಆಚೆ. ಇನ್ನೊಬ್ಬರ ಅಂಗಡಿಯಲ್ಲಿ ಇನ್ನೊಬ್ಬರ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದ. ಅಣ್ಣ ತಮ್ಮಂದಿರು ಮಾತಾಡಿ ಐವತ್ತು ವರ್ಷವಾಗಿತ್ತು. ಅಪ್ಪ ಸತ್ತ ದಿನ ಅಣ್ಣ ಗೇಟಿನವರೆಗೆ ಬಂದು, ಚಪ್ಪಲಿ ಬಿಡದೆ ನಿಂತು, ಹೊರಟುಹೋಗಿದ್ದ. ಯಾಕೆ ಎಂದು ಹೆಂಡತಿ ಕೇಳಿದಾಗಲೆಲ್ಲ "ಅದು ಹಳೇ ಕಥೆ" ಎನ್ನುವುದೊಂದೇ ಉತ್ತರ. ಎಲ್ಲದಕ್ಕೂ ಹೆಸರಿಡುವ ಮನುಷ್ಯ ಇದೊಂದಕ್ಕೆ ಇಟ್ಟಿರಲಿಲ್ಲ.

ಆ ಭಾನುವಾರ, ಅಪ್ಪನ ಕಾಲದ ಅದೇ ಮನೆಯ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ಕಂಬ ಒದ್ದೆ ಸೀರೆಗಳ ಸಮೇತ ಮಲಗಿಬಿಟ್ಟಿತು. ಗುರುತಪ್ಪ ಹಾರೆ ಹಿಡಿದು, ಎರಡಡಿ ಆಚೆ ಹೊಸ ಗುಂಡಿ ತೋಡಲು ಹೊರಟರು. ಮೊಣಕೈ ಆಳದಲ್ಲಿ ಹಾರೆಗೆ ಏನೋ ತಗುಲಿ ಠಣ್ ಎಂದಿತು. ಎಳೆದು ತೆಗೆದರೆ ಒಂದು ಗೇಣಿಗಿಂತ ತುಸು ಉದ್ದದ ಲೋಹದ ಮುದ್ದೆ. ಮೈತುಂಬ ತುಕ್ಕು, ತುಕ್ಕಿನೊಳಗೆ ಮಣ್ಣು, ಮಣ್ಣಿನೊಳಗೆ ಹರಳುಕಲ್ಲು, ಎಲ್ಲ ಸೇರಿ ಗಟ್ಟಿಯಾಗಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ.

"ಏನ್ರೀ ಅದು?" ಎಂದಳು ಹೆಂಡತಿ.

ಗುರುತಪ್ಪ ಬಾಯಿ ತೆರೆದರು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಆ ಬಾಯಿಂದ ಏನೂ ಬರಲಿಲ್ಲ. ಅದನ್ನು ತಿರುಗಿಸಿದರು, ತೂಗಿದರು, ಮೂಸಿದರು. ಮತ್ತೆ ಬಾಯಿ ಮುಚ್ಚಿದರು.

"ಅಲ್ಲಾಡಬೇಡಿ," ಎಂದಿತು ಕಾಂಪೌಂಡಿನ ಮೇಲೊಂದು ತಲೆ. ಅದು ಅಗ್ನಿಶಾಮಕ ದಳದಿಂದ ನಿವೃತ್ತರಾದ ಪಕ್ಕದ ಮನೆಯವರದು. ಕೆಲಸದಲ್ಲಿದ್ದಷ್ಟು ಕಾಲ ಅವರು ತಲುಪುವ ಹೊತ್ತಿಗೆ ಬೆಂಕಿಯೆಲ್ಲ ಆರಿಹೋಗಿರುತ್ತಿತ್ತು. ಆ ಕೊರಗು ಅವರಿಗೆ ಹೋಗಿರಲಿಲ್ಲ. "ಹಾಗೇ ಹಿಡ್ಕೊಂಡಿರಿ. ಉಸಿರು ಮೆಲ್ಲಗೆ ಬಿಡಿ. ಅದು ಬಾಂಬು."

"ಕೆಳಗಿಡಲಾ?"

"ಇಟ್ರೆ ಸಿಡಿಯುತ್ತೆ."

"ಹಿಡ್ಕೊಂಡಿದ್ರೆ?"

"ಹಿಡ್ಕೊಂಡಿದ್ರೆ ನಿಮ್ಮ ಕೈಲಿ ಸಿಡಿಯುತ್ತೆ. ನಾನು ಮರಳು ತರ್ತೀನಿ."

ಅವರು ಎರಡು ಬಕೆಟ್ ಮರಳು ತರುವಷ್ಟರಲ್ಲಿ ಬೀದಿ ಬೀದಿಯೇ ಬಂತು. ಬಾಂಬು ಎಂದರೆ ಓಡಿಹೋಗಬೇಕಾದ ಜನ ಅದನ್ನು ನೋಡಲು ಸ್ಟೂಲು ಹಾಕಿಕೊಂಡು ನಿಂತರು. ಎದುರುಮನೆಯ ಚರಿತ್ರೆ ಮೇಷ್ಟ್ರು ಗುಂಪನ್ನು ಸರಿಸಿಕೊಂಡು ಬಂದು, ಕನ್ನಡಕ ಹಣೆಗೇರಿಸಿ, ಗುರುತಪ್ಪನವರ ಚಾಚಿದ ಕೈಯನ್ನೇ ಬಗ್ಗಿ ನೋಡಿದರು.

"ಕಠಾರಿ. ನಾನೂರು ವರ್ಷಕ್ಕೆ ಕಡಿಮೆ ಇಲ್ಲ. ತುಕ್ಕು ನೋಡಿ. ತುಕ್ಕು ಸುಳ್ಳು ಹೇಳಲ್ಲ."

"ತುಕ್ಕು ಸಿಡಿಯುತ್ತೆ," ಎಂದರು ಅಗ್ನಿಶಾಮಕರು.

"ಕಠಾರಿ ಸಿಡಿಯೋದನ್ನ ನೀವು ಎಲ್ಲಿ ನೋಡಿದ್ರಿ?"

"ನೀವು ನಾನೂರು ವರ್ಷ ಎಲ್ಲಿ ನೋಡಿದ್ರಿ?"

ಇಬ್ಬರೂ ಗುರುತಪ್ಪನವರ ಕಡೆ ತಿರುಗಿದರು. ಊರಿಗೆಲ್ಲ ವಸ್ತುಗಳ ಹೆಸರು ಹೇಳುವವರು ಇಲ್ಲೇ ಇರುವಾಗ ನಮಗ್ಯಾಕೆ ಜಗಳ ಎಂಬ ನಂಬಿಕೆ ಇಡೀ ಗುಂಪಿನ ಮುಖದಲ್ಲಿತ್ತು. ಗುರುತಪ್ಪನವರ ತೋಳು ನೋಯುತ್ತಿತ್ತು. "ಪರೀಕ್ಷೆ ಆಗಬೇಕು," ಎಂದರು ಗಂಭೀರವಾಗಿ. "ಸರಿಯಾದ ಜಾಗದಲ್ಲಿ."

ಸರಿಯಾದ ಜಾಗವೆಂದರೆ ವಸ್ತು ಸಂಗ್ರಹಾಲಯ. ಮರುದಿನ ಅರ್ಧ ದಿನದ ರಜೆ ಹಾಕಿ, ವಸ್ತುವನ್ನು ಹಳೆ ಟವೆಲಿನಲ್ಲಿ ಸುತ್ತಿ, ಹೆಂಡತಿಯ ಬಟ್ಟೆ ಚೀಲದಲ್ಲಿಟ್ಟು, ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅಲ್ಲಿನ ಅಧಿಕಾರಿಯ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿದರು. ಸಂಗ್ರಹಾಲಯದ ಐವತ್ತೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಆ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು: "ಭೂಗರ್ಭದಲ್ಲಿ ದೊರೆತ ಪ್ರಾಚೀನ ಲೋಹವಸ್ತುವೊಂದನ್ನು ತಮ್ಮ ಪರಿಶೀಲನೆಗೆ ತಂದಿದ್ದೇನೆ."

ಅಧಿಕಾರಿ ಎದ್ದು ನಿಂತರು. "ಎಲ್ಲಿ?"

ಗುರುತಪ್ಪ ಎಡಗೈ ನೋಡಿದರು, ಬಲಗೈ ನೋಡಿದರು.

"ಬಸ್ಸಲ್ಲಿ."

ಅಧಿಕಾರಿ ಮತ್ತೆ ಕೂತರು. "ಹಾಗಾದ್ರೆ ಡಿಪೋದಲ್ಲಿ ಕಳೆದ ವಸ್ತುಗಳ ಕೌಂಟರಿದೆ, ಹೋಗಿ ವಿಚಾರಿಸಿ. ಆದ್ರೆ ಹುಷಾರು, ಅಲ್ಲಿರೋ ಮನುಷ್ಯ ಬಹಳ ಖಡಕ್ಕು. ನಮ್ಮತ್ತೆ ಕೊಡೆ ಇನ್ನೂ ಕೊಟ್ಟಿಲ್ಲ."

ಗುರುತಪ್ಪ ತಮ್ಮದೇ ಕೌಂಟರಿನ ಆಚೆ ಬದಿ ನಿಂತದ್ದು ಅದೇ ಮೊದಲು. ಆ ಕಡೆಯಿಂದ ನೋಡಿದರೆ ಕಿಂಡಿ ಇಷ್ಟು ಕೆಳಗಿದೆ, ಯಾರೇ ಆದರೂ ಬಗ್ಗಿಯೇ ಮಾತಾಡಬೇಕು ಎಂಬುದು ಅವರಿಗೆ ತಿಳಿದಿರಲಿಲ್ಲ. ಅವರ ಕುರ್ಚಿಯಲ್ಲಿ ಆ ಹೊತ್ತು ಕೂತಿದ್ದವರು ಸೂಪರಿಂಟೆಂಡೆಂಟರು. ಪಕ್ಕದಲ್ಲೇ ಟವೆಲಿನ ಅಂಚು ಇಣುಕುತ್ತಿದ್ದ ಬಟ್ಟೆ ಚೀಲ ಕಾಣುತ್ತಿತ್ತು.

"ಏನ್ರೀ ಕಳೆದಿದೆ?" ಸೂಪರಿಂಟೆಂಡೆಂಟರ ದನಿಯಲ್ಲಿ ಬಹಳ ವರ್ಷಗಳ ನಂತರ ಹಬ್ಬ ಬಂದವರ ಸಂತೋಷವಿತ್ತು.

"ಒಂದು ಲೋಹದ ವಸ್ತು ಸಾರ್."

"ಲೋಹದ ವಸ್ತು ಅಂತ ಹೆಸರಿರೋ ವಸ್ತು ಇದೆಯೇನ್ರೀ ಪ್ರಪಂಚದಲ್ಲಿ? ಇದು ನಾನು ಹೇಳಿದ್ದಲ್ಲ, ನೀವೇ ಕಲಿಸಿದ್ದು."

"ಟವೆಲು ನನ್ನದೇ ಸಾರ್. ನೀಲಿ ಅಂಚು."

"ಟವೆಲು ತಗೊಂಡು ಹೋಗಿ. ಒಳಗಿರೋದರ ಹೆಸರು?"

ಸಾಲಿನಲ್ಲಿ ಹಿಂದೆ ನಿಂತಿದ್ದವನೊಬ್ಬ, "ಬೇಗ ಹೇಳ್ರೀ, ನಾನು ಮುಂದೆ ಹೋಗಬೇಕು," ಎಂದು ಕಾಲು ಬದಲಿಸಿದ.

ಹೀಗಾಗಿ ಗುರುತಪ್ಪ ಟವೆಲಿನೊಂದಿಗೆ ಮನೆಗೆ ಬಂದರು. ವಸ್ತು ಇಲಾಖೆಯ ಪಾಲಾಯಿತು. ಹದಿನೈದು ದಿನದೊಳಗೆ ಗುರುತು ಹೇಳಿ ಬಿಡಿಸಿಕೊಳ್ಳುವವರು ಬಾರದಿದ್ದರೆ ಹೆಸರಿನ ಕಾಲಮ್ಮಿನಲ್ಲಿ "ಏನೆಂದು ಗೊತ್ತಾಗಲಿಲ್ಲ" ಎಂದು ಬರೆದು ಗುಜರಿಗೆ ಕಳಿಸಬೇಕು. ಹದಿನೈದನೆಯ ದಿನ ಗುರುತಪ್ಪನವರ ನಿವೃತ್ತಿಯ ದಿನವೂ ಆಗಿತ್ತು. ಬರೆಯಬೇಕಾದವರೂ ಅವರೇ. "ಕೊನೆಯ ಸಾಲು ಅದೇ ಆಗುತ್ತೆ ನೋಡಿ," ಎಂದು ಸೂಪರಿಂಟೆಂಡೆಂಟರು ದಿನಕ್ಕೊಮ್ಮೆ ನೆನಪಿಸುತ್ತಿದ್ದರು. ಹೆಂಡತಿ ಮಾತ್ರ, "ಗೊತ್ತಿಲ್ಲ ಅಂತ ಬರೆದ್ರೆ ಆಕಾಶ ಬೀಳುತ್ತಾ? ನಾನು ದಿನಕ್ಕೆ ಹತ್ತು ಸಲ ಅಂತೀನಿ. ಮೊದಲು ಭಾವನವರನ್ನ ಕರೀರಿ," ಎಂದಳು.

ಹೆಂಡತಿಯ ಅಕ್ಕನ ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಎಂಟನೆಯ ದಿನ ಗುರುತಪ್ಪ, "ಗುರುತಿಸುವ ಸಲುವಾಗಿ ಹೊರಗೆ ಒಯ್ಯಲಾಗಿದೆ" ಎಂದು ಚೀಟಿಗೆ ಸಹಿ ಹಾಕಿಸಿಕೊಂಡು, ಚೀಲವನ್ನು ಎದೆಗವಚಿಕೊಂಡು ಅಲ್ಲಿಗೆ ಹೋದರು. ಅವಳು ಕಂಪ್ಯೂಟರಿನ ಮುಂದೆ ಕೂತು ಕೇಳಿದಳು.

"ರೋಗಿಯ ಹೆಸರು?"

"ಅದೇ ಅಲ್ವಾ ಗೊತ್ತಾಗಬೇಕಿರೋದು?"

"ಹೆಸರಿಲ್ಲದೆ ಇದು ಮುಂದೆ ಹೋಗಲ್ಲ ಚಿಕ್ಕಪ್ಪ."

"ನನ್ನದೇ ಹಾಕು."

"ವಯಸ್ಸು?"

"ಎದುರುಮನೆ ಮೇಷ್ಟ್ರು ನಾನೂರು ಅಂತಾರೆ."

"ನೂರಿಪ್ಪತ್ತರ ಮೇಲೆ ತಗೊಳಲ್ಲ."

"ನನ್ನದೇ ಹಾಕು. ಅರವತ್ತು."

"ನೋವು ಎಲ್ಲಿ?"

ಗುರುತಪ್ಪ ಚೀಲದೊಳಕ್ಕೆ ನೋಡಿ, "ಇಡೀ ಮೈ ಅಂತ ಹಾಕು," ಎಂದರು.

ಬೆಂಚಿನ ಮೇಲೆ ಮುರಿದ ಕೈ ಹಿಡಿದು ಕೂತಿದ್ದವನೊಬ್ಬ ಇಷ್ಟನ್ನೂ ಕೇಳಿಸಿಕೊಂಡು, "ನಾನು ಮೂರು ಗಂಟೆಯಿಂದ ಕಾಯ್ತಿದೀನಿ. ಆ ಕಬ್ಬಿಣಕ್ಕೆ ಏನಾಗಿದೆ?" ಎಂದ.

"ಏನಾಗಿದೆ ಅಂತಲೇ ನೋಡ್ತಿರೋದು," ಎಂದಳು ಅವಳು, ಅಷ್ಟೇ ಸಮಾಧಾನವಾಗಿ.

ಐದು ನಿಮಿಷದಲ್ಲಿ ಫಿಲ್ಮು ಬಂತು. ಅವಳು ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಳು. ತುಕ್ಕು, ಮಣ್ಣು, ಕಲ್ಲು ಎಲ್ಲ ಮಸುಕಾಗಿ ಹಿಂದೆ ಸರಿದು, ನಡುವೆ ಬೆಳ್ಳಗೆ ಒಂದು ಆಕಾರ ನಿಂತಿತ್ತು. ಎರಡು ಉಂಗುರ. ಎರಡು ಅಲಗು. ಒಂದು ಅಲಗಿನ ತುದಿ ಮುರಿದಿದೆ. ಚಿಕ್ಕ ಉಂಗುರದ ಸುತ್ತ ಇನ್ನೂ ಬೆಳ್ಳಗೆ, ಬಳೆಗಳ ಹಾಗೆ, ತಂತಿಯ ಏಳು ಸುತ್ತು. ಕೆಳಗೆ ಮೂಲೆಯಲ್ಲಿ ಅಚ್ಚಾಗಿತ್ತು: ಗುರುತಪ್ಪನವರ ಹುಟ್ಟುಹೆಸರು, ವಯಸ್ಸು, ನೋವು: ಇಡೀ ಮೈ.

"ಅಯ್ಯೋ, ಕತ್ತರಿ," ಎಂದು ಅವಳು ನಕ್ಕಳು. "ಇಷ್ಟಕ್ಕೇನಾ ಚಿಕ್ಕಪ್ಪ? ... ಚಿಕ್ಕಪ್ಪ, ಕೂತ್ಕೊಳಿ. ನೀರು ಕೊಡ್ಲಾ?"

ಕಥೆ ಹೇಳುವವರು ಇಲ್ಲಿ ಹಳೆಯದೊಂದನ್ನು ಹೇಳಲೇಬೇಕು, ಯಾಕೆಂದರೆ ಗುರುತಪ್ಪ ಹೇಳುವವರಲ್ಲ. ಅವರ ಅಪ್ಪ ದರ್ಜಿ. ಅಪ್ಪನ ಹೆಬ್ಬೆರಳು ಸಣ್ಣದು. ಕತ್ತರಿಯ ಉಂಗುರದಲ್ಲಿ ಜಾರದಿರಲೆಂದು ಹಿತ್ತಾಳೆ ತಂತಿಯನ್ನು ಏಳು ಸುತ್ತು ಸುತ್ತಿದ್ದರು. ಆ ಕತ್ತರಿ ಮುಂದೆ ದೊಡ್ಡ ಮಗನಿಗೆ, ಅದರ ಜೊತೆ ಅಂಗಡಿಯೂ, ಎಂದು ಊರಿಗೇ ಗೊತ್ತಿತ್ತು. ಒಂದು ಸಂಜೆ ಕತ್ತರಿ ಕಾಣಲಿಲ್ಲ. ಅಪ್ಪ ದೊಡ್ಡವನನ್ನು ಮೊದಲು ಹೊಡೆದು, ಆಮೇಲೆ ಕೇಳಿದರು: "ಎಲ್ಲಿ ಮಾರಿದೆ?" ಹದಿನೆಂಟರ ಹುಡುಗ ಬಾಯಿ ಬಿಡಲಿಲ್ಲ. ಆಗ ಅಪ್ಪ ಹತ್ತು ವರ್ಷದ ಚಿಕ್ಕವನ ಕಡೆ ತಿರುಗಿ, "ನಿಂಗೊತ್ತಾ?" ಎಂದರು. ಚಿಕ್ಕವನು, "ನಂಗೊತ್ತಿಲ್ಲ," ಎಂದ. ಅಣ್ಣ ತಮ್ಮನ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದ. ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಅಂಗಿ ಹಾಕಿಕೊಂಡು ಮನೆ ಬಿಟ್ಟ. ಗುರುತಪ್ಪ ಆಮೇಲೆ ಯಾವತ್ತೂ ಗೊತ್ತಿಲ್ಲ ಎಂಬ ಮಾತನ್ನು ಬಳಸಲಿಲ್ಲ.

ಈಗ ವಸ್ತುವಿನ ಹೆಸರು ಗೊತ್ತಾಗಿತ್ತು. ಸೂಪರಿಂಟೆಂಡೆಂಟರ ಮುಂದೆ ಹೋಗಿ ಠೀವಿಯಿಂದ ಹೇಳಿ ಬಿಡಿಸಿಕೊಳ್ಳಬಹುದಿತ್ತು. ಗುರುತಪ್ಪ ಹಾಗೆ ಮಾಡಲಿಲ್ಲ. ನಾಲ್ಕು ಸ್ಟಾಪು ಆಚೆ ಹೋಗಿ ಅಣ್ಣನ ಮುಂದೆ ನಿಲ್ಲಬಹುದಿತ್ತು. ಅದನ್ನೂ ಮಾಡಲಿಲ್ಲ. ಕಪಾಟಿನಿಂದ ನಮೂನೆ ನಾಲ್ಕರ ನೋಟೀಸು ತೆಗೆದು, ಮೂರು ಸಲ ಹರಿದುಹಾಕಿ, ನಾಲ್ಕನೆಯ ಸಲ ಅಣ್ಣನ ಹೆಸರಿಗೆ ತುಂಬಿದರು: "ತಮಗೆ ಸೇರಿದ್ದಿರಬಹುದಾದ ವಸ್ತುವೊಂದು ಈ ಕಚೇರಿಯಲ್ಲಿದೆ. ಮೂವತ್ತನೆಯ ತಾರೀಕಿನೊಳಗೆ ಖುದ್ದಾಗಿ ಹಾಜರಾಗಿ ಗುರುತು ಹೇಳತಕ್ಕದ್ದು. ತಪ್ಪಿದಲ್ಲಿ ಇಲಾಖೆ ಜವಾಬ್ದಾರಿಯಲ್ಲ." ಮುದ್ರೆ ಒತ್ತಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು.

ರಸೀದಿ ಹೆಂಡತಿಯ ಕೈಗೆ ಸಿಕ್ಕಿತು.

"ಐವತ್ತು ವರ್ಷದ ಮೇಲೆ ಒಡಹುಟ್ಟಿದ ಅಣ್ಣನಿಗೆ ನೋಟೀಸಾ? ಕಾಗದ ಬರೆಯೋಕೆ ಬರಲ್ವಾ ನಿಮಗೆ?"

"ನೋಟೀಸೂ ಕಾಗದವೇ."

"ಹೌದು. ತಪ್ಪಿದಲ್ಲಿ ಇಲಾಖೆ ಜವಾಬ್ದಾರಿಯಲ್ಲ ಅಂತ ಮದುವೆ ಕಾಗದದಲ್ಲೂ ಹಾಕಿಸ್ಬೇಕಿತ್ತು ನೀವು."

ಹನ್ನೆರಡನೆಯ ದಿನ ಯಾರೂ ಬರಲಿಲ್ಲ. ಹದಿಮೂರು, ಹದಿನಾಲ್ಕು, ಬರಲಿಲ್ಲ. ಬೀದಿಯಲ್ಲಿ ಮೇಷ್ಟ್ರು, "ಕಠಾರಿ ಅಂತ ಒಪ್ಪಿದ್ರಾ?" ಎಂದು ಕೇಳುತ್ತಿದ್ದರು. ಅಗ್ನಿಶಾಮಕರು, ಸಿಡಿಯದೇ ಇದ್ದುದಕ್ಕೆ ಗುರುತಪ್ಪನವರೇ ಹೊಣೆ ಎಂಬಂತೆ ಮಾತು ಬಿಟ್ಟಿದ್ದರು.

ಹದಿನೈದನೆಯ ದಿನ ಸಂಜೆ ನಾಲ್ಕಕ್ಕೆ ಬೀಳ್ಕೊಡುಗೆ. ಕೌಂಟರಿನ ಮುಂದಿನ ಕತ್ತಲು ಓಣಿಯಲ್ಲಿ ಆರು ಕುರ್ಚಿ ಹಾಕಿ, ತಟ್ಟೆಯಲ್ಲಿ ಬಿಸ್ಕತ್ತು ಇಟ್ಟಿದ್ದರು. ಮೂರು ಜನ ಕಂಡಕ್ಟರುಗಳು, ಇಬ್ಬರು ಡ್ರೈವರುಗಳು, ಭಾಷಣದ ಹಾಳೆ ಹಿಡಿದ ಸೂಪರಿಂಟೆಂಡೆಂಟರು. ಗುರುತಪ್ಪ, ಕಚೇರಿ ವೇಳೆ ಮುಗಿಯಲು ಇನ್ನೂ ಹತ್ತು ನಿಮಿಷವಿದೆ ಎಂದು ಒಳಗೇ ಕೂತು, ಹೆಸರಿನ ಖಾಲಿ ಕಾಲಮ್ಮನ್ನು ನೋಡುತ್ತಿದ್ದರು. ಕಿಂಡಿಯಲ್ಲಿ ನೆರಳು ಬಿತ್ತು.

"ಕಳೆದಿದೆಯಾ, ಮುಂದೆ ಹೋಗಬೇಕಾ?" ಎಂದರು ತಲೆ ಎತ್ತದೆ.

"ಕಳೆದಿದೆ."

ಕಿಂಡಿಯಿಂದ ಒಳಗೆ ಬಂದದ್ದು ನಾಲ್ಕು ಮಡಿಕೆಯ ನೋಟೀಸು. ಅದರ ಹಿಂದೆ ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಅಣ್ಣ ಅರ್ಧ ಬಗ್ಗಿ ನಿಂತಿದ್ದ. ಕೆಲಸದಿಂದ ನೇರ ಬಂದಿರಬೇಕು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಗುರುತಪ್ಪನವರಿಗೆ ಎದ್ದು ಬಾಗಿಲು ತೆರೆಯಬೇಕೆನಿಸಿತು. ಆದರೆ ಕೈ ಅಭ್ಯಾಸಬಲದಿಂದ ಪೆನ್ನು ತೆಗೆದುಕೊಂಡಿತು.

"ವಸ್ತು?"

"ಕತ್ತರಿ. ದರ್ಜಿ ಕತ್ತರಿ."

"ಉದ್ದ?"

"ಹನ್ನೆರಡು ಇಂಚು."

"ಗುರುತು?"

"ಹೆಬ್ಬೆರಳಿನ ಉಂಗುರಕ್ಕೆ ಹಿತ್ತಾಳೆ ತಂತಿ. ಏಳು ಸುತ್ತು. ಕೊನೇ ಸುತ್ತು ಸಡಿಲ, ಚುಚ್ಚೋದು."

"ಅಲಗಿನ ತುದಿ?"

"ಎರಡೂ ಚೂಪು."

ಪೆನ್ನು ನಿಂತಿತು. ಸೂಪರಿಂಟೆಂಡೆಂಟರು ಹತ್ತಿರ ಬಂದರು. "ಏನ್ರೀ, ಹೊಂದ್ತಿಲ್ವಾ?"

"ಒಂದು ತುದಿ ಮುರಿದಿದೆ ಸಾರ್."

"ಮುರಿದಿದೆಯಾ?" ಎಂದ ಅಣ್ಣ.

"ಗಾಳಕ್ಕೆ ಎರೆಹುಳ ತೆಗೆಯೋಕೆ ಅಗೀತಿದ್ದೆ. ಕಲ್ಲಿಗೆ ತಾಗ್ತು. ಹೆದರಿ ಅಲ್ಲೇ ಹೂತೆ," ಎಂದರು ಗುರುತಪ್ಪ.

ಅಣ್ಣ ಕಿಂಡಿಯ ಸರಳು ಹಿಡಿದುಕೊಂಡ. "ಅದಕ್ಕಾ," ಎಂದ. ಐವತ್ತು ವರ್ಷ ಕಾದ ಉತ್ತರಕ್ಕೆ ಅವನು ಖರ್ಚು ಮಾಡಿದ್ದು ಅದೊಂದೇ ಪದ.

ಸೂಪರಿಂಟೆಂಡೆಂಟರಿಗೆ ತಲೆಬುಡ ತಿಳಿಯಲಿಲ್ಲ. "ಯಾರು ಅಗೀತಿದ್ದದ್ದು? ಮುಂದಿನ ಪ್ರಶ್ನೆ ಕೇಳ್ರೀ, ಚಹಾ ಆರ್ತಿದೆ."

ಮುಂದಿನ ಪ್ರಶ್ನೆ ಯಾವುದೆಂದು ಓಣಿಯಲ್ಲಿದ್ದವರಿಗೆಲ್ಲ ಬಾಯಿಪಾಠ. ಗುರುತಪ್ಪ ಅದನ್ನು ಕೇಳುವ ಮೊದಲು ರಿಜಿಸ್ಟರಿನ ಸಾಲಿಗೆ ಪೆನ್ನು ಊರಿದರು.

"ಕೊನೆಯ ಸಲ ನೋಡಿದ್ದು ಎಲ್ಲಿ?"

"ನಿನ್ನ ಕೈಲಿ," ಎಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ, ಸೊಂಟದ ಅಳತೆ ಹೇಳಿದ ಹಾಗಿತ್ತು. "ಬೆಳಗ್ಗೆ. ನೀನು ಹಿತ್ತಲಿಗೆ ಹೋಗ್ತಿದ್ದೆ. ಬರೆದುಕೋ."

ಗುರುತಪ್ಪ ಬರೆದುಕೊಂಡರು, ಹೇಳಿದ ಹಾಗೆಯೇ. ಬರೆದು ಸಹಿಗೆ ತಿರುಗಿಸಿದರು.

"ಓದಲ್ವಾ?" ಎಂದ ಅಣ್ಣ. "ಇಲ್ಲಿ ಓದಿ ಹೇಳೋ ಪದ್ಧತಿ ಇದೆ ಅಂತಾರೆ. ಗಟ್ಟಿಯಾಗಿ."

"ಇದೆ, ಇದೆ," ಎಂದರು ಸೂಪರಿಂಟೆಂಡೆಂಟರು. "ಇವರದೇ ಕಾನೂನು."

ಕಂಡಕ್ಟರುಗಳು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು. ಗುರುತಪ್ಪ ರಿಜಿಸ್ಟರು ಎರಡೂ ಕೈಯಲ್ಲಿ ಎತ್ತಿ ಹಿಡಿದು ಓದಿದರು. "ವಸ್ತು: ದರ್ಜಿ ಕತ್ತರಿ. ಉದ್ದ: ಹನ್ನೆರಡು ಇಂಚು. ಗುರುತು: ಹಿತ್ತಾಳೆ ತಂತಿ, ಏಳು ಸುತ್ತು. ಕೊನೆಯ ಸಲ ನೋಡಿದ್ದು..." ಇಲ್ಲಿ ದನಿ ಕೈಕೊಟ್ಟಿತು.

"ಗಟ್ಟಿಯಾಗಿ," ಎಂದ ಅಣ್ಣ.

"ಕೊನೆಯ ಸಲ ನೋಡಿದ್ದು: ತಮ್ಮನ ಕೈಯಲ್ಲಿ."

"ನಾನು ನಿನ್ನ ಕೈಲಿ ಅಂದದ್ದು."

"ಅದೇ. ನನ್ನ ಕೈಯಲ್ಲಿ."

ಅಣ್ಣ ಸಹಿ ಹಾಕಿದ. ಸೂಪರಿಂಟೆಂಡೆಂಟರು ಒಮ್ಮೆ ಇವರ ಮೂಗು, ಒಮ್ಮೆ ಅವರ ಮೂಗು ನೋಡಿದರು. ಎರಡೂ ಒಂದೇ ಅಚ್ಚಿನವು. ಭಾಷಣದ ಹಾಳೆಯನ್ನು ಮೆಲ್ಲಗೆ ಮಡಿಸಿ ಜೇಬಿಗಿಟ್ಟುಕೊಂಡರು. ಅದರ ಮೊದಲ ವಾಕ್ಯ, "ತಮ್ಮ ಬಳಿ ಯಾವ ವಸ್ತುವೂ ಕಳೆದುಹೋಗಲು ಬಿಡದ ಮಹನೀಯರು" ಎಂದಿತ್ತು.

ಮುದ್ದೆಯನ್ನು ಕಿಂಡಿಯಿಂದ ಹೊರಗೆ ಕೊಟ್ಟಾಗ ಅಣ್ಣ ತುಕ್ಕಿನ ಮೇಲೆ ಹೆಬ್ಬೆರಳಾಡಿಸಿ ಉಂಗುರದ ಜಾಗ ಹುಡುಕಿದ. ಸಿಕ್ಕಿತು. ಬೆರಳು ಒಳಗೆ ಹೋಗಲಿಲ್ಲ, ಮಣ್ಣು ಕಲ್ಲಾಗಿತ್ತು.

"ಸೀಮೆಎಣ್ಣೇಲಿ ನೆನೆಹಾಕ್ಬೇಕು," ಎಂದ.

"ಬಿಡುತ್ತಾ ಅಣ್ಣ?"

ಅಣ್ಣ ಟೇಪನ್ನು ಕೊರಳಿಂದ ತೆಗೆದು ಮುದ್ದೆಗೆ ಸುತ್ತಿ, ಕಂಕುಳಲ್ಲಿಟ್ಟುಕೊಂಡು, ಟೈರುಗಳ ರಾಶಿ ದಾಟಿ ಹೋದ.

ಗುರುತಪ್ಪ ಮನೆ ತಲುಪಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಡಿಪೋದಲ್ಲಿ ನಡೆದದ್ದು ಅವರಿಗಿಂತ ಮುಂಚಿನ ಬಸ್ಸಿನಲ್ಲಿ ಬಂದಿತ್ತು.

"ಭಾವನವರು ಬಂದಿದ್ರಂತೆ."

"ಹೂಂ."

"ಇಲ್ಲಿಗೆ ಬರ್ತಾರಾ?"

ಗುರುತಪ್ಪ ಚಪ್ಪಲಿ ಬಿಟ್ಟರು. ಹಿತ್ತಲ ಬಾಗಿಲಾಚೆ, ಹೊಸ ಗುಂಡಿಯಲ್ಲಿ ನಿಲ್ಲಿಸಿದ ಕಂಬ ಆಗಲೇ ಸ್ವಲ್ಪ ವಾಲಿತ್ತು.

"ಗೊತ್ತಿಲ್ಲ," ಎಂದರು.

ಮದುವೆಯಾದ ಮೂವತ್ತು ವರ್ಷದಲ್ಲಿ ಆ ಬಾಯಿಂದ ಕೇಳದ ಮಾತು. ಹೆಂಡತಿ ಹತ್ತಿರ ಬಂದು, ಜ್ವರ ಇದೆಯೇನೋ ಎಂದು ಅವರ ಹಣೆ ಮುಟ್ಟಿ ನೋಡಿದಳು.